ಎಂಟನೆಯ ದಿನ ಬಂದವನು

ದಾವಣಗೆರೆ–ಹರಿಹರದ ಕ್ಯಾಥೊಲಿಕ್ ಬದುಕಿನಲ್ಲಿ ಪಾಸ್ಕ (ಈಸ್ಟರ್) ಹಬ್ಬ: ಒಂದು ಸಮೀಕ್ಷೆ

'ನಿಮ್ಮ ಈಸ್ಟರ್ ಈ ಸಲ ಯಾವಾಗ ರೀ?' ಎಂದು ಕೇಳುವ ನೆರೆಮನೆಯವರಿಗೆ ಕೆ.ಬಿ. ಬಡಾವಣೆಯ ಕ್ಯಾಥೊಲಿಕ್ ಅಜ್ಜಿಯೊಬ್ಬರು 'ಹುಣ್ಣಿಮೆ ಕಳೀಲಿ, ಅದರ ಮುಂದಿನ ಭಾನುವಾರ' ಅಂದರೆ ಅದು ಪಂಚಾಂಗದಷ್ಟೇ ಸರಿಯಾದ ಉತ್ತರ. ಕ್ರೈಸ್ತರೆಲ್ಲ ಒಂದೇ ಭಾನುವಾರ ಈ ಹಬ್ಬ ಮಾಡಬೇಕೆಂದು ಕ್ರಿ.ಶ. 325ರ ನಿಸೇಯ ಮಹಾಸಭೆ ತೀರ್ಮಾನಿಸಿತು. ಮುಂದೆ ನೆಲೆನಿಂತ ಲೆಕ್ಕ ಇಷ್ಟೇ: ಮಾರ್ಚ್ 21ರಂದು ಇಲ್ಲವೇ ಅದರ ನಂತರ ಬೀಳುವ ಮೊದಲ ಹುಣ್ಣಿಮೆ, ಅದು ಕಳೆದ ಭಾನುವಾರ. ಹಾಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬರಬಹುದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಕೆಲವು ವರ್ಷ ಹೋಳಿ ಹುಣ್ಣಿಮೆಯ ಬೆನ್ನಿಗೆ, ಹಲವು ವರ್ಷ ದವನದ ಹುಣ್ಣಿಮೆಯ ಬೆನ್ನಿಗೆ. 2024ರಲ್ಲಿ ಹೋಳಿಯ ಬಣ್ಣ ಆರುವ ಮೊದಲೇ ಮಾರ್ಚ್ 31ಕ್ಕೆ ಬಂತು. ಏಪ್ರಿಲ್ 9ಕ್ಕೆ ಯುಗಾದಿ, 11ಕ್ಕೆ ರಂಜಾನ್. ಹನ್ನೆರಡು ದಿನಗಳೊಳಗೆ ಒಂದೇ ಬೀದಿಯ ಮೂರು ಬಗೆಯ ಮನೆಗಳಲ್ಲಿ ಹಬ್ಬದಡಿಗೆ ಆಯಿತು. 2025ರಲ್ಲಿ ದವನದ ಹುಣ್ಣಿಮೆ ದಾಟಿ ಏಪ್ರಿಲ್ 20ಕ್ಕೆ ಬಂತು.

ದಿನಾಂಕದ ಪ್ರಶ್ನೆ ಹೀಗೆ ಸುಲಭವಾಗಿ ಬಗೆಹರಿಯುತ್ತದೆ. ಸತ್ತವರೊಬ್ಬರು ಮೂರನೆಯ ದಿನ ಎದ್ದು ಬಂದರು ಎಂಬ ನಂಬಿಕೆಗೂ ಒಂದು ಊರಿನ ಧರ್ಮಕೇಂದ್ರದ ದಿನನಿತ್ಯದ ಬದುಕಿಗೂ ಏನು ಸಂಬಂಧ ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಇಂಗ್ಲಿಷಿನಲ್ಲಿ 'ಪ್ಯಾರಿಷ್' ಎನ್ನುವುದಕ್ಕೆ ಕನ್ನಡ ಕ್ಯಾಥೊಲಿಕರು ಬಳಸುವ ಮಾತು ಧರ್ಮಕೇಂದ್ರ. ಕ್ರೈಸ್ತರ ಸಂಖ್ಯೆ ತೀರಾ ಕಡಿಮೆ ಇರುವ, ಭಾಷೆ ಹಲವು ಇರುವ, ದುಡಿಮೆ ಅರಸಿ ಬಂದವರೇ ಹೆಚ್ಚಾಗಿರುವ ದಾವಣಗೆರೆ ಮತ್ತು ಹರಿಹರ ಈ ಪ್ರಶ್ನೆಯನ್ನು ಪರೀಕ್ಷಿಸಲು ಒಳ್ಳೆಯ ಜಾಗ.

ನದಿ, ಸೈನ್ಯ, ರೈಲು, ಗಿರಣಿ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಒಟ್ಟು ಜನರಲ್ಲಿ ಶೇ 1.87. ಅದರಲ್ಲಿ ದೊಡ್ಡ ಪಾಲು ಬೆಂಗಳೂರು ಮತ್ತು ಕರಾವಳಿಯದು. ಮಧ್ಯ ಕರ್ನಾಟಕದ ಪಾಲು ಸಣ್ಣದು. ಹಾಗಾಗಿ ಮಂಗಳೂರಿನಲ್ಲಿರುವಂತೆ ಕ್ರೈಸ್ತರದೇ ಬೀದಿ, ಕ್ರೈಸ್ತರದೇ ಓಣಿ ಎಂಬುದು ಇಲ್ಲಿ ಕಡಿಮೆ. ಬಡಾವಣೆಯ ಸಾಲಿನಲ್ಲಿ ಎಲ್ಲೋ ಒಂದು ಮನೆಯ ಬಾಗಿಲ ಮೇಲೆ ಶಿಲುಬೆ, ಎರಡು ಕ್ರಾಸ್ ದಾಟಿದರೆ ಇನ್ನೊಂದು. ಭಾನುವಾರ ದೇವಾಲಯದಲ್ಲಿ ಸೇರಿದಾಗಲೇ ತಾವು ಇಷ್ಟು ಜನ ಇದ್ದೇವೆ ಎಂದು ಅವರಿಗೂ ತಿಳಿಯುವುದು.

ಇವರು ಇಲ್ಲಿಗೆ ಬಂದು ಸೇರಿದ ದಾರಿಗಳು ಹಲವು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಹರಿಹರೇಶ್ವರ ಗುಡಿ ಕಟ್ಟಿಸಿದ ಊರು ಹರಿಹರ. ತುಂಗಭದ್ರೆ ದಾಟುವವರ ಕಡವು. ಆ ಕಾರಣಕ್ಕೇ 1865ರವರೆಗೆ ಊರ ಹೊರಗೆ ಬ್ರಿಟಿಷರ ದೇಶೀ ಪದಾತಿ ದಳದ ದಂಡು ಬಿಡಾರ ಹೂಡಿತ್ತು. 1868ರಲ್ಲಿ ಹದಿನಾಲ್ಕು ಕಮಾನುಗಳ ಸೇತುವೆ ಎದ್ದಿತು. ಆಮೇಲೆ ರೈಲು ಬಂತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್, ಮುಂದೆ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್. ಇತ್ತ ದಾವಣಗೆರೆ ಹತ್ತಿ ಗಿರಣಿಗಳಿಂದ 'ಕರ್ನಾಟಕದ ಮ್ಯಾಂಚೆಸ್ಟರ್' ಎನ್ನಿಸಿಕೊಂಡಿತು. ದಂಡು, ರೈಲು, ಗಿರಣಿ, ಕಾರ್ಖಾನೆ, ಆಮೇಲೆ ಆಸ್ಪತ್ರೆ ಮತ್ತು ಕಾಲೇಜು ಇದ್ದಲ್ಲಿಗೆ ತಮಿಳು, ತೆಲುಗು, ಕೊಂಕಣಿ, ಮಲಯಾಳ ಮಾತಾಡುವ ಕ್ಯಾಥೊಲಿಕರು ಒಬ್ಬರ ಬೆನ್ನಿಗೆ ಒಬ್ಬರು ಬರುವುದು ರಾಜ್ಯದ ಒಳನಾಡಿನ ಬಹುತೇಕ ಊರುಗಳ ಕಥೆ. ಕನ್ನಡವನ್ನೇ ಮನೆಮಾತಾಗಿ ಉಳ್ಳ ಹಳೆಯ ಕುಟುಂಬಗಳೂ ಇವೆ. ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಮಿಯವರಿಂದ ಮೊದಲ್ಗೊಂಡು, ಫ್ರಾನ್ಸಿನಿಂದ ಬಂದ ಮಿಷನರಿಗಳವರೆಗೆ ಬೆಳೆದ ಮೈಸೂರು ಮಿಷನ್ನಿನ ಕನ್ನಡ ಪರಂಪರೆ ಅವರದು.

ಆಡಳಿತದ ಗೆರೆಗಳೂ ಬದಲಾಗುತ್ತ ಬಂದವು. 1886ರಲ್ಲಿ ಮೈಸೂರು ಧರ್ಮಕ್ಷೇತ್ರ (ಡಯಾಸಿಸ್) ಆಯಿತು. 1963ರಲ್ಲಿ ಅದರಿಂದ ಚಿಕ್ಕಮಗಳೂರು ಒಡೆದು ಬಂತು. 1988ರ ನವೆಂಬರ್ 14ರಂದು ಶಿವಮೊಗ್ಗ ಧರ್ಮಕ್ಷೇತ್ರ ಹುಟ್ಟಿತು. ಇಂದು ದಾವಣಗೆರೆ, ಹರಿಹರಗಳು ಅದರ ಮಡಿಲಲ್ಲಿವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವುದಕ್ಕೂ ಒಂಬತ್ತು ವರ್ಷ ಮೊದಲೇ ಚರ್ಚಿನ ನಕ್ಷೆ ಬದಲಾಗಿತ್ತು.

ಬೂದಿಯಿಂದ ಬೆಂಕಿಯವರೆಗೆ

ಹಬ್ಬದ ನಡೆ ಬೂದಿಯಿಂದ ಆರಂಭ. ಹಿಂದಿನ ವರ್ಷ ಗರಿಗಳ ಭಾನುವಾರ ಮನೆಗೆ ತಂದು ದೇವರ ಪಟದ ಹಿಂದೆ ಸಿಕ್ಕಿಸಿದ್ದ ಗರಿಗಳನ್ನು ಮರಳಿ ದೇವಾಲಯಕ್ಕೆ ಒಪ್ಪಿಸುತ್ತಾರೆ. ಅವನ್ನೇ ಸುಟ್ಟ ಬೂದಿ ವಿಭೂತಿ ಬುಧವಾರ ಹಣೆಗೆ. ಕಳೆದ ವರ್ಷದ ಜಯಕಾರವೇ ಈ ವರ್ಷದ ಬೂದಿ. ಅಲ್ಲಿಂದ ನಲವತ್ತು ದಿನದ ತಪಸ್ಸುಕಾಲ. ಚರ್ಚಿನ ಉಪವಾಸದ ಕಟ್ಟಳೆ ನಿಜವಾಗಿ ಹಗುರವೇ: 18ರಿಂದ 59ರ ವಯಸ್ಸಿನವರು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಒಪ್ಪತ್ತು ಇದ್ದರೆ ಸಾಕು. ಆದರೆ ಇಲ್ಲಿಯ ಮನೆಗಳು ಅಷ್ಟಕ್ಕೆ ನಿಲ್ಲುವುದಿಲ್ಲ. ನಲವತ್ತು ದಿನ ಮಾಂಸ ಬಿಡುವವರು, ಚಪ್ಪಲಿ ಬಿಡುವವರು, ಮದುವೆ ಮಾತುಕತೆ ಮುಂದೂಡುವವರು ಇದ್ದಾರೆ. ಶ್ರಾವಣವನ್ನೂ ರಂಜಾನನ್ನೂ ಪಕ್ಕದಲ್ಲೇ ಕಂಡ ನೆಲದಲ್ಲಿ ವ್ರತವೆಂದರೆ ಹೀಗೇ. ಪ್ರತಿ ಶುಕ್ರವಾರ ಹದಿನಾಲ್ಕು ಸ್ಥಳಗಳ ಶಿಲುಬೆಯ ಹಾದಿ. ಉಳಿಸಿದ ಕಾಸು ಹುಂಡಿಗೆ. ಹಸಿವು ಮತ್ತು ರೋಗದ ವಿರುದ್ಧ ಕಾರಿತಾಸ್ ಇಂಡಿಯಾ ನಡೆಸುವ ವಾರ್ಷಿಕ ಅಭಿಯಾನದಂಥ ಕೆಲಸಕ್ಕೆ ಅದರ ಪಾಲು.

ಪವಿತ್ರ ವಾರ ಬಂದರೆ ದೇವಾಲಯದ ಬಾಗಿಲು ಹಾಕುವ ಮಾತಿಲ್ಲ. ಗುರುವಾರ ಸಂಜೆ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಹಿಂದೆ ಹನ್ನೆರಡೂ ಗಂಡಸರ ಪಾದ. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ವಿಧಿ ತಿದ್ದಿದ ಮೇಲೆ ಹೆಂಗಸರ ಪಾದಕ್ಕೂ ಆ ನೀರು ಮುಟ್ಟಬಹುದಾಯಿತು. ಅದೇ ರಾತ್ರಿ ಗಂಟೆಗಳು ಮೌನವಾಗುತ್ತವೆ. ಮರದ ಗಿಲಕಿಯ ಸದ್ದು ಮಾತ್ರ. ಶುಕ್ರವಾರ ಬಲಿಪೂಜೆಯೇ (ಮಾಸ್) ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಯೊವಾನ್ನರ ಶುಭಸಂದೇಶದ ಪಾಡಿನ ಕಥೆ, ಹತ್ತು ವಿಶ್ವಪ್ರಾರ್ಥನೆ, ಶಿಲುಬೆಗೆ ಮುತ್ತು. ಶನಿವಾರ ಹಗಲಿಡೀ ಬಲಿಪೀಠ ಬೋಳು.

ಆಮೇಲೆ ರಾತ್ರಿ. ದೇವಾಲಯದ ಹೊರಗೆ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸುತ್ತಾರೆ. ಆಳೆತ್ತರದ ಪಾಸ್ಕ ಬತ್ತಿಯ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ–ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ, ಐದು ಗಾಯಗಳ ನೆನಪಿಗೆ ಐದು ಧೂಪದ ಹರಳು. ಆ ಒಂದು ಬತ್ತಿಯಿಂದ ಕೈಯಿಂದ ಕೈಗೆ ದಾಟಿ ಇಡೀ ದೇವಾಲಯ ಬೆಳಗುತ್ತದೆ. ಏಪ್ರಿಲಿನ ಸೆಕೆಯಲ್ಲಿ ಬತ್ತಿಯ ಮೇಣ ಬೆರಳಿಗೆ ಸುರಿದು ಮಕ್ಕಳು ಕೂಗುತ್ತವೆ. ಆಗ ಹಾಡುವ ಪಾಸ್ಕ ಘೋಷಣೆಯಲ್ಲಿ ಮೇಣ ಕೊಟ್ಟ ಜೇನುಹುಳಗಳಿಗೂ ಒಂದು ಜಾಗವಿದೆ. ಸೃಷ್ಟಿಯಿಂದ ಪುನರುತ್ಥಾನದವರೆಗೆ ಒಟ್ಟು ಒಂಬತ್ತು ವಾಚನಗಳು. ಹೊತ್ತಾಯಿತೆಂದು ಕೆಲವನ್ನು ಬಿಡಬಹುದು, ಗುಲಾಮರು ಕಡಲು ದಾಟಿ ಬಿಡುಗಡೆ ಪಡೆದ ಕಥೆಯನ್ನು ಮಾತ್ರ ಬಿಡುವಂತಿಲ್ಲ.

ವಿಭೂತಿ, ದೀಕ್ಷೆ, ಪ್ರಸಾದ

ಮೇಲಿನ ಮಾತುಗಳನ್ನು ಇನ್ನೊಮ್ಮೆ ನೋಡಿ. ವಿಭೂತಿ, ತಪಸ್ಸು, ಬಲಿಪೂಜೆ, ಗುರು. ನೀರೆರೆದು ಚರ್ಚಿಗೆ ಸೇರಿಸಿಕೊಳ್ಳುವ ಜ್ಞಾನಸ್ನಾನಕ್ಕೆ ದೀಕ್ಷಾಸ್ನಾನ ಎಂಬ ಹೆಸರೂ ಉಂಟು. ಯೇಸುವಿನ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿ ಪರಮಪ್ರಸಾದ. ಶರಣರ ನೆಲದಲ್ಲಿ, ಮಠಗಳ ನಡುವೆ ಬೆಳೆದ ಊರಿನಲ್ಲಿ ಈ ಪದಗಳಿಗೆ ಅರ್ಥ ಹೇಳಿಕೊಡಬೇಕಿಲ್ಲ. ಲಿಂಗಾಯತ ಗೆಳೆಯನಿಗೆ 'ಇವತ್ತು ವಿಭೂತಿ ಬುಧವಾರ' ಎಂದರೆ ಅವನು ಹಣೆ ನೋಡಿ ತಲೆದೂಗುತ್ತಾನೆ, ಅರ್ಥ ಬೇರೆಯಾದರೂ. ಅವನ ವಿಭೂತಿ ಶಿವನ ಗುರುತು. ಇವನದು 'ನೀನು ಮಣ್ಣು' ಎಂಬ ಎಚ್ಚರಿಕೆ. ಎರಡೂ ಅಹಂಕಾರ ಸುಟ್ಟ ಬೂದಿಯೇ.

ಈ ಕನ್ನಡ ಬಲಿಪೀಠದ ಮೇಲೆ ಬಂದು ಕೂತದ್ದು ತೀರಾ ಈಚೆಗೆ. 1960ರ ದಶಕದವರೆಗೂ ಪೂಜೆ ಲ್ಯಾಟಿನ್ನಿನಲ್ಲಿತ್ತು. ಗುರುಗಳು ಬಲಿಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು, ಜನ ಜಪಸರ ಎಣಿಸುತ್ತಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ಶಾಸನ ಜನರ ಮಾತಿಗೆ ಬಾಗಿಲು ತೆರೆಯಿತು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ, ಅದರ ಮುಂದಾಳು ಡಿ.ಎಸ್. ಅಮಲೋರ್‌ಪವದಾಸ್, 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳ ಮಾರ್ಪಾಟು — ಇವು ಆರತಿ, ನೆಲದ ಮೇಲೆ ಕೂರುವುದು, ಪಾದರಕ್ಷೆ ಹೊರಗೆ ಬಿಡುವುದು, ಕೈಮುಗಿದು ನಮಿಸುವುದನ್ನು ಪೂಜೆಯೊಳಕ್ಕೆ ಕರೆದವು. ಅವುಗಳಲ್ಲಿ ಕೆಲವು ಎಲ್ಲೆಡೆ ನಿಂತವು, ಕೆಲವು ಆಶ್ರಮಗಳಿಗೆ ಸೀಮಿತವಾದವು. 'ಇದು ಹಿಂದೂಗಳ ಅನುಕರಣೆ' ಎಂದು ಒಳಗಿನವರೇ ಮುನಿದದ್ದೂ ಉಂಟು, 'ಇದು ಮೋಸದ ವೇಷ' ಎಂದು ಹೊರಗಿನವರು ಸಂಶಯಪಟ್ಟದ್ದೂ ಉಂಟು.

ಆದರೆ ಒಂದೇ ದೇವಾಲಯದಲ್ಲಿ ಹಬ್ಬಕ್ಕೆ ಇರುವ ಹೆಸರುಗಳನ್ನು ಕೇಳಿದರೆ ಭಾಷೆಯ ಪ್ರಶ್ನೆ ಬರಿಯ ಅನುವಾದದ್ದಲ್ಲ ಎಂದು ತಿಳಿಯುತ್ತದೆ. ಕನ್ನಡದಲ್ಲಿ ಶುಭ ಶುಕ್ರವಾರ. ತಮಿಳಿನವರಿಗೆ ಅದು 'ಪೆರಿಯ ವೆಳ್ಳಿ', ದೊಡ್ಡ ಶುಕ್ರವಾರ. ಮಲಯಾಳಿಗಳಿಗೆ 'ದುಃಖ ವೆಳ್ಳಿ'. ಒಂದೇ ದಿನ ಒಬ್ಬರಿಗೆ ಶುಭ, ಒಬ್ಬರಿಗೆ ದೊಡ್ಡದು, ಒಬ್ಬರಿಗೆ ದುಃಖ. ಭಾನುವಾರ ಕೊಂಕಣಿಯವರದು 'ಪಾಸ್ಕಾಂಚೆಂ ಫೆಸ್ತ್'. ಗುರುವಾರ ರಾತ್ರಿ ಕೇರಳದ ಮನೆಯಲ್ಲಿ ಹುಳಿಯಿಲ್ಲದ ಪೆಸಹಾ ಅಪ್ಪವನ್ನು ಹಿರಿಯರು ಮುರಿದು ಹಂಚುತ್ತಾರೆ. ಶುಕ್ರವಾರ ಕರಾವಳಿಯವರ ಮನೆಯಲ್ಲಿ ಗಂಜಿ. ಭಾನುವಾರ ಮಾತ್ರ ಎಲ್ಲರ ಮನೆಯಲ್ಲೂ ಮಸಾಲೆಯ ವಾಸನೆ ಒಂದೇ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಸಿಗಬೇಕಾದ ಜಾಗಕ್ಕಾಗಿ ದಶಕಗಳ ಹೋರಾಟ ನಡೆದಿದೆ. ಸಣ್ಣ ಊರಿನ ಧರ್ಮಕೇಂದ್ರಕ್ಕೆ ಭಾಷೆಗೊಂದು ಪೂಜೆ ಇಡುವಷ್ಟು ಜನವೂ ಇರುವುದಿಲ್ಲ, ಗುರುಗಳೂ ಇರುವುದಿಲ್ಲ. ಆ ಬಡತನವೇ ಇಲ್ಲಿ ವರವಾಯಿತೆನ್ನಬೇಕು. ತಮಿಳು ಮನೆಯ ಮೊಮ್ಮಗಳು ಕನ್ನಡದಲ್ಲಿ ವಾಚನ ಓದುತ್ತಾಳೆ, ಕೊಂಕಣಿ ಮನೆಯ ಹುಡುಗ ಕನ್ನಡ ಗೀತೆಗೆ ಕೀಬೋರ್ಡ್ ನುಡಿಸುತ್ತಾನೆ.

ಶುಕ್ರವಾರದ ಜನ, ಶನಿವಾರ ರಾತ್ರಿಯ ಜನ

ಯಾವ ಧರ್ಮಕೇಂದ್ರದ ಗುರುಗಳನ್ನು ಕೇಳಿದರೂ ಒಂದು ಮಾತು ಒಪ್ಪುತ್ತಾರೆ: ಶುಕ್ರವಾರ ನಿಲ್ಲಲು ಜಾಗವಿರುವುದಿಲ್ಲ, ಶನಿವಾರ ರಾತ್ರಿ ಹಿಂದಿನ ಬೆಂಚುಗಳು ಖಾಲಿ. ದೇವತಾಶಾಸ್ತ್ರದ ಪ್ರಕಾರ ಶನಿವಾರ ರಾತ್ರಿಯ ಜಾಗರಣೆಯೇ ವರ್ಷದ ಅತಿ ದೊಡ್ಡ ಪೂಜೆ. ಜನರ ಲೆಕ್ಕದಲ್ಲಿ ಅಲ್ಲ. ಯಾಕೆ?

ಕೈಗೆಟುಕುವ ಕಾರಣಗಳಿವೆ. ಶುಭ ಶುಕ್ರವಾರ ಸರ್ಕಾರಿ ರಜೆ; ಶನಿವಾರ ಹಲವರಿಗೆ ಕೆಲಸ. ಪಾಳಿಯಲ್ಲಿ ದುಡಿಯುವವರಿಗೆ, ಆಸ್ಪತ್ರೆಯ ನರ್ಸುಗಳಿಗೆ ರಾತ್ರಿಯ ಜಾಗರಣೆ ಕಷ್ಟ. ಮಾರ್ಚ್–ಏಪ್ರಿಲ್ ಅಂದರೆ ಪರೀಕ್ಷೆ. ಗಾನವೃಂದದ ಅರ್ಧ ಜನ ಪುಸ್ತಕದ ಮುಂದೆ. 2019ರಲ್ಲಂತೂ ಪವಿತ್ರ ಗುರುವಾರವೇ ರಾಜ್ಯದ ಮೊದಲ ಹಂತದ ಮತದಾನ, ಹಬ್ಬ ಕಳೆದ ಎರಡೇ ದಿನಕ್ಕೆ, ಏಪ್ರಿಲ್ 23ರಂದು, ದಾವಣಗೆರೆಯ ಮತದಾನ.

ಇನ್ನೊಂದು ಕಾರಣ ಇತಿಹಾಸದ್ದು. ಶತಮಾನಗಳ ಕಾಲ ಪಾಸ್ಕ ಜಾಗರಣೆ ರಾತ್ರಿ ನಡೆಯುತ್ತಲೇ ಇರಲಿಲ್ಲ. ಶನಿವಾರ ಬೆಳಿಗ್ಗೆ, ಬಿಸಿಲಲ್ಲಿ, ಬೆರಳೆಣಿಕೆಯ ಜನರ ಮುಂದೆ ಗುರುಗಳು ಹೊಸ ಬೆಂಕಿ ಹೊತ್ತಿಸಿ ಮುಗಿಸುತ್ತಿದ್ದರು. ಪೋಪ್ ಹನ್ನೆರಡನೆಯ ಪಯಸ್ 1951ರಲ್ಲಿ ಅದನ್ನು ಪ್ರಾಯೋಗಿಕವಾಗಿ ರಾತ್ರಿಗೆ ಮರಳಿಸಿದರು. 1955ರ ಆದೇಶದಂತೆ 1956ರಿಂದ ಪವಿತ್ರ ವಾರವೇ ಹೊಸ ಕ್ರಮಕ್ಕೆ ಬಂತು. ಅಷ್ಟರೊಳಗೆ ಜನರ ಭಕ್ತಿ ಶುಕ್ರವಾರದ ಸುತ್ತ ಬೇರುಬಿಟ್ಟಾಗಿತ್ತು. ಶಿಲುಬೆಯ ಹಾದಿ, ಪಾಡಿನ ಹಾಡುಗಳು, ವ್ಯಾಕುಲ ಮಾತೆಯ ಮೆರವಣಿಗೆ ಎಲ್ಲವೂ ಜನರೇ ಕಟ್ಟಿಕೊಂಡವು. ಜಾಗರಣೆ ಮೇಲಿನಿಂದ ಬಂದದ್ದು.

ಮೂರನೆಯದು ಮನಸ್ಸಿನ ಮಾತು. ಸಾವು ಎಲ್ಲರಿಗೂ ಗೊತ್ತು. ಮಗನನ್ನು ಕಳೆದುಕೊಂಡ ತಾಯಿಗೆ ಯೇಸುವಿನ ತಾಯಿ ಮರಿಯಮ್ಮನವರ ಮುಖ ಅರ್ಥವಾಗಲು ಉಪದೇಶ ಬೇಡ. ಅದಕ್ಕೇ ಶುಕ್ರವಾರ ಕ್ರೈಸ್ತರಲ್ಲದವರೂ ಬಂದು ಶಿಲುಬೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಸತ್ತವರು ಎದ್ದರು ಎಂಬುದು ಯಾರ ಅನುಭವಕ್ಕೂ ಬಂದದ್ದಲ್ಲ. ಶುಭಸಂದೇಶಗಳೂ ಇಲ್ಲಿ ಸುಲಭದ ದಾರಿ ಹಿಡಿಯಲಿಲ್ಲ. ನಾಲ್ಕರಲ್ಲಿ ಒಂದೂ ಯೇಸು ಎದ್ದ ಕ್ಷಣವನ್ನು ವರ್ಣಿಸುವುದಿಲ್ಲ. ಖಾಲಿ ಸಮಾಧಿ, ಹೆದರಿ ಓಡಿದ ಹೆಂಗಸರು, ತೋಟಗಾರನೆಂದು ತಪ್ಪು ತಿಳಿದ ಮಗ್ದಲದ ಮರಿಯಳು, ಎಮ್ಮಾವುವಿನ ದಾರಿಯಲ್ಲಿ ಜೊತೆಗೆ ನಡೆದವನನ್ನು ರೊಟ್ಟಿ ಮುರಿದಾಗ ಮಾತ್ರ ಗುರುತು ಹಿಡಿದ ಇಬ್ಬರು, ದಡದಲ್ಲಿ ಕೆಂಡದ ಮೇಲೆ ಮೀನಿಟ್ಟು ಊಟಕ್ಕೆ ಕರೆದ ಧ್ವನಿ. ಎದ್ದ ಯೇಸು ಕಾಣಿಸಿಕೊಂಡ ಬಗ್ಗೆ ನಮಗಿರುವ ಅತಿ ಹಳೆಯ ಬರಹ, ಸುಮಾರು ಕ್ರಿ.ಶ. 54ರಲ್ಲಿ ಪೌಲರು ಕೊರಿಂಥದವರಿಗೆ ಬರೆದ ಪತ್ರ, ಕೊಡುವುದೂ ಯಾರು ಯಾರಿಗೆ ಕಾಣಿಸಿಕೊಂಡರು ಎಂಬ ಪಟ್ಟಿಯನ್ನೇ. ಈ ಕಥೆಗಳ ಉದ್ದಕ್ಕೂ ದಾರಿ, ಊಟ, ಕರೆದ ಹೆಸರು, ಸೇರಿದ ಕೋಣೆ. ನಂಬಿಕೆ ಹುಟ್ಟಿದ್ದು ಜೊತೆಗಿದ್ದವರ ನಡುವೆ.

ಯಾತ್ರೆ ಮತ್ತು ಧರ್ಮಕೇಂದ್ರ

ಸಮುದಾಯ ಎಂದರೇನು ಎಂಬುದಕ್ಕೆ ಈ ಭಾಗದಲ್ಲಿ ಎರಡು ಮಾದರಿಗಳಿವೆ. ಒಂದು ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅದಕ್ಕೆ ಕಿರಿಯ ಬಸಿಲಿಕದ ಪದವಿ ಕೊಟ್ಟರು. ಸೆಪ್ಟೆಂಬರ್ 8ರ ಮಾತೆಯ ಜನನೋತ್ಸವಕ್ಕೆ ಜಿಲ್ಲೆಗಳಾಚೆಯಿಂದ ಜನ ಬರುತ್ತಾರೆ. ಹರಕೆ ಹೊತ್ತವರಲ್ಲಿ ಯಾವ ಜಾತಿ, ಯಾವ ಧರ್ಮ ಎಂದು ಕೇಳುವವರಿಲ್ಲ. ಹರಿ–ಹರರನ್ನು ಒಂದೇ ಮೂರ್ತಿಯಲ್ಲಿ ಕಂಡ ಊರಿಗೆ ಇದು ಹೊಸದೇನೂ ಅಲ್ಲ.

ಎರಡನೆಯದು ದಾವಣಗೆರೆಯ ಸಂತ ಥಾಮಸರ ದೇವಾಲಯದಂಥ ನಗರದ ಧರ್ಮಕೇಂದ್ರ. ಯಾತ್ರಿಕ ಬರುತ್ತಾನೆ, ಬತ್ತಿ ಹಚ್ಚುತ್ತಾನೆ, ಹೋಗುತ್ತಾನೆ. ಪಕ್ಕದಲ್ಲಿ ಮೊಣಕಾಲೂರಿದವನ ಹೆಸರು ಅವನಿಗೆ ಬೇಕಿಲ್ಲ. ಧರ್ಮಕೇಂದ್ರದವನಿಗೆ ಬೇಕು. ಪಕ್ಕದ ಬೆಂಚಿನವನ ಮಗಳ ಮದುವೆ, ಎದುರಿನವರ ಆಪರೇಷನ್, ಗುಡಿಯ ಪೇಂಟಿಂಗಿಗೆ ಯಾರು ಎಷ್ಟು ಕೊಟ್ಟರು, ಯಾರು ಕೊಡಲಿಲ್ಲ — ಎಲ್ಲ ಗೊತ್ತಿರುವ ಜಾಗ. ಪ್ರೀತಿಯಷ್ಟೇ ಮುನಿಸಿಗೂ ಅವಕಾಶ. 1917ರ ಚರ್ಚು ಕಾನೂನು ಧರ್ಮಕೇಂದ್ರವನ್ನು ಮುಖ್ಯವಾಗಿ ಒಂದು ಎಲ್ಲೆಯೊಳಗಿನ ಪ್ರದೇಶವಾಗಿ ನೋಡಿತ್ತು. 1983ರ ಸಂಹಿತೆ ಅದನ್ನು ಮೊದಲು ವಿಶ್ವಾಸಿಗಳ ಸಮುದಾಯ ಎಂದು ಕರೆಯಿತು. ಹಣಕಾಸು ಸಮಿತಿ ಕಡ್ಡಾಯ. ಪಾಲನಾ ಸಮಿತಿ ಮಾತ್ರ ಧರ್ಮಾಧ್ಯಕ್ಷರು (ಬಿಷಪ್) ಅಗತ್ಯವೆಂದು ಕಂಡರೆ. ಲೆಕ್ಕಪತ್ರಕ್ಕೆ ಕಡ್ಡಾಯ, ಸಮಾಲೋಚನೆಗೆ ಇಚ್ಛೆ: ಜನಸಾಮಾನ್ಯರ ಪಾಲುಗಾರಿಕೆ ಎಲ್ಲಿ ನಿಂತಿದೆ ಎಂಬುದಕ್ಕೆ ಈ ವ್ಯತ್ಯಾಸವೇ ಸಾಕ್ಷಿ. 2021ರಿಂದ 2024ರವರೆಗೆ ನಡೆದ ಜಾಗತಿಕ ಚರ್ಚಿನ ಸಿನೊಡ್ ಸಭೆ ಎಲ್ಲರ ದನಿ ಕೇಳಬೇಕೆಂದು ತಳದಿಂದಲೇ ಆರಂಭಿಸಿತು. ಕೇಳುವ ಅಭ್ಯಾಸ ಸಭೆ ಮುಗಿದ ಮೇಲೂ ಉಳಿಯಿತೇ ಎಂಬುದನ್ನು ಆಯಾ ಊರಿನವರೇ ಹೇಳಬೇಕು.

ಸಮುದಾಯ ನಿಜವಾಗಿ ಉಸಿರಾಡುವುದು ಇನ್ನೂ ಚಿಕ್ಕ ಜಾಗದಲ್ಲಿ, ಕಿರು ಕ್ರೈಸ್ತ ಸಮುದಾಯಗಳಲ್ಲಿ. ಬಡಾವಣೆಗೊಂದು ಗುಂಪು, ಈ ತಿಂಗಳು ಒಬ್ಬರ ಮನೆ, ಮುಂದಿನ ತಿಂಗಳು ಇನ್ನೊಬ್ಬರದು. ಬೈಬಲ್ ಓದು, ಜಪಸರ, ಆಮೇಲೆ ಚಹಾ–ಮಂಡಕ್ಕಿ. ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮನೆಯಲ್ಲಿ ಫೀಸಿಗೆ ತೊಂದರೆ ಎಂಬುದು ಹೊರಬರುವುದು ಈ ಚಹಾದ ಹೊತ್ತಿನಲ್ಲೇ. ಪಾಸ್ಕ ಕಾಲದ ಐವತ್ತು ದಿನಗಳಲ್ಲಿ ಹೊಸ ಪವಿತ್ರ ಜಲ ಹಿಡಿದು ಮನೆಮನೆ ಆಶೀರ್ವದಿಸುವ ರೂಢಿ ಇರುವಲ್ಲಿ, ದೇವಾಲಯಕ್ಕೆ ಬಾರದವರ ಹೊಸಿಲನ್ನೂ ಗುರುಗಳು ತುಳಿಯುತ್ತಾರೆ. ನಾಲ್ಕನೆಯ ಲ್ಯಾಟರನ್ ಸಭೆ 1215ರಲ್ಲೇ ವರ್ಷಕ್ಕೊಮ್ಮೆ ಪಾಸ್ಕದಲ್ಲಾದರೂ ಪರಮಪ್ರಸಾದ ಸ್ವೀಕರಿಸಿ ಎಂದು ವಿಧಿಸಿತ್ತು. ದೂರವಾದವರನ್ನು ವರ್ಷಕ್ಕೊಮ್ಮೆಯಾದರೂ ಮರಳಿ ಕರೆಯುವ ಹಗ್ಗವೆಂದೂ ಅದನ್ನು ಓದಬಹುದು.

2020ರಲ್ಲಿ ಆ ಹಗ್ಗವೂ ಕಡಿಯಿತು. ಏಪ್ರಿಲ್ 12ರ ಪಾಸ್ಕ ಲಾಕ್‌ಡೌನಿನೊಳಗೆ ಬಿತ್ತು. ಮೊಬೈಲ್ ಪರದೆಯನ್ನು ದೇವರ ಪಟದ ಮುಂದೆ ನಿಲ್ಲಿಸಿ, ಮೇಣದ ಬತ್ತಿ ಹಚ್ಚಿ, ಮನೆಯವರೇ ಉತ್ತರ ಕೊಟ್ಟುಕೊಂಡರು. ಪೂಜೆ ಪರದೆಯಲ್ಲಿ ಸಿಕ್ಕಿತು, ಪ್ರಸಾದ ಸಿಗಲಿಲ್ಲ. ಧರ್ಮಕೇಂದ್ರ ಇಲ್ಲದಿದ್ದರೆ ಏನು ಇಲ್ಲದಂತಾಗುತ್ತದೆ ಎಂದು ಆ ವರ್ಷ ಎಲ್ಲರಿಗೂ ತಿಳಿಯಿತು.

ಗಾಯಗಳ ಪಟ್ಟಿ

ಸಮುದಾಯದ ಬಗ್ಗೆ ಬರೆಯುವವರು ಹಬ್ಬದ ಫೋಟೊ ಮಾತ್ರ ತೋರಿಸಿದರೆ ಅದು ಸಮೀಕ್ಷೆಯಾಗದು.

ಮೊದಲನೆಯದು ದುಡಿಮೆ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಈ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಸೈರನ್ನಿಗೆ ಹೊಂದಿಕೊಂಡಿದ್ದ ಊರು ಸೈರನ್ನಿಲ್ಲದೆ ಬದುಕಲು ಕಲಿಯಬೇಕಾಯಿತು. ಮಕ್ಕಳು ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋದರು. ಹಿಂದಿನ ಬೆಂಚುಗಳು ಖಾಲಿಯಾಗಲು ಭಕ್ತಿ ಕುಂದಿದ್ದೊಂದೇ ಕಾರಣವಲ್ಲ.

ಎರಡನೆಯದು ಜಾತಿ. ದೀಕ್ಷಾಸ್ನಾನದ ನೀರು ತೊಳೆಯದ ಕೊಳೆ ಇದು. 1950ರ ಪರಿಶಿಷ್ಟ ಜಾತಿಗಳ ಆದೇಶ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರು ಪ್ರವರ್ಗ-1ರಲ್ಲಿ, ಉಳಿದ ಕ್ರೈಸ್ತರು 3-ಬಿಯಲ್ಲಿ. ಅಂದರೆ ಜ್ಞಾನಸ್ನಾನವಾದರೂ ಜಾತಿ ಹೋಗುವುದಿಲ್ಲ ಎಂದು ಸರ್ಕಾರದ ಒಂದು ಪಟ್ಟಿ ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ. ಚರ್ಚಿನ ಒಳಗೂ ಭೇದ ಇದೆಯೆಂದು ಭಾರತದ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ಹೊರತಂದ ದಲಿತ ನೀತಿಯಲ್ಲಿ ಒಪ್ಪಿಕೊಂಡಿತು. ಒಂದೇ ತಟ್ಟೆಯಿಂದ ಪ್ರಸಾದ ಪಡೆದವರು ಮದುವೆಯ ಸಂಬಂಧಕ್ಕೆ ಬಂದಾಗ ಮನೆತನ ಕೇಳುತ್ತಾರೆ.

ಮೂರನೆಯದು ಹೆಣ್ಣು. ಪುನರುತ್ಥಾನದ ಮೊದಲ ಸುದ್ದಿ ತಂದವರು ಹೆಂಗಸರು; 2016ರಲ್ಲಿ ಮಗ್ದಲದ ಮರಿಯಳ ಸ್ಮರಣೆಯನ್ನು ಪ್ರೇಷಿತರಿಗೆ ಸಲ್ಲುವ ಹಬ್ಬದ ದರ್ಜೆಗೆ ಏರಿಸಲಾಯಿತು. ಧರ್ಮೋಪದೇಶದ ತರಗತಿ, ಹೂವಿನ ಅಲಂಕಾರ, ರೋಗಿಗಳ ಭೇಟಿ, ಗಾಯನ — ಧರ್ಮಕೇಂದ್ರದ ಚಾಕರಿಯ ಹೆಚ್ಚಿನ ಪಾಲು ಸಿಸ್ಟರುಗಳದು ಮತ್ತು ತಾಯಂದಿರದು. ತೀರ್ಮಾನದ ಮೇಜಿನ ಸುತ್ತ ಅವರ ಕುರ್ಚಿಗಳು ಅಷ್ಟಿಲ್ಲ.

ನಾಲ್ಕನೆಯದು ಭಯ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಿಂದ ಮೊದಲಾಗಿ ರಾಜ್ಯದ ಹಲವೆಡೆ ಚರ್ಚು, ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳ ನೆನಪು ಮಾಸಿಲ್ಲ. 2022ರ ಮತಾಂತರ ನಿಷೇಧ ಕಾಯ್ದೆ, ಧರ್ಮ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು; 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಪಾಸ್ಕ ಜಾಗರಣೆಯೇ ಆದಿ ಚರ್ಚಿನಿಂದ ವಯಸ್ಕರ ದೀಕ್ಷಾಸ್ನಾನದ ರಾತ್ರಿ. ಹಾಗಾಗಿ ಆ ಕಾನೂನಿನ ನೆರಳು ಬಿದ್ದದ್ದು ಈ ಹಬ್ಬದ ನಡುಮನೆಯ ಮೇಲೇ. ಅದೇ ಹೊತ್ತಿಗೆ, ಶುಕ್ರವಾರ ಶಿಲುಬೆಯ ಹಾದಿ ನಡೆಯುವವರಿಗೆ ಮಜ್ಜಿಗೆ, ಪಾನಕ ಕೊಡುವ ಕೈಗಳು ಬೇರೆ ಧರ್ಮದವಾಗಿರುವುದು ಈ ನಾಡಿನಲ್ಲಿ ಅಪರೂಪವೇನಲ್ಲ. ಭಯ ನಿಜ, ಪಾನಕವೂ ನಿಜ.

ತೋಮನ ಪೂಜೆ

ಪಾಸ್ಕದ ಮುಂದಿನ ಭಾನುವಾರ ಪ್ರತಿ ವರ್ಷ, ತಪ್ಪದೆ, ಒಂದೇ ಶುಭಸಂದೇಶ ಓದುತ್ತಾರೆ. ಎದ್ದ ಯೇಸು ಶಿಷ್ಯರಿದ್ದ, ಬಾಗಿಲು ಹಾಕಿದ್ದ ಕೋಣೆಗೆ ಬಂದಾಗ ಅವರಲ್ಲೊಬ್ಬನಾದ ತೋಮ ಅಲ್ಲಿರಲಿಲ್ಲ. ಎಲ್ಲಿಗೆ ಹೋಗಿದ್ದನೋ, ಯೊವಾನ್ನರು ಹೇಳುವುದಿಲ್ಲ. ಉಳಿದವರ ಮಾತನ್ನು ಅವನು ನಂಬಲಿಲ್ಲ. ಗಾಯ ಮುಟ್ಟಿದ ಹೊರತು ಒಪ್ಪುವುದಿಲ್ಲ ಎಂದ. ಎಂಟು ದಿನಗಳ ಮೇಲೆ ಅವನು ಅವರ ನಡುವೆ ಇದ್ದ, ಯೇಸು ಮತ್ತೆ ಬಂದರು.

ಭಾರತಕ್ಕೆ ಶುಭಸಂದೇಶ ತಂದವನೆಂದು ಪರಂಪರೆ ನಂಬುವ ತೋಮನನ್ನು, ದಾವಣಗೆರೆಯ ದೇವಾಲಯ ಯಾರ ಹೆಸರು ಹೊತ್ತಿದೆಯೋ ಆ ತೋಮನನ್ನು, ನಾವು 'ಸಂಶಯದ ತೋಮ' ಎಂದು ಹೀಗಳೆಯುವುದೇ ಹೆಚ್ಚು. ಅವನನ್ನು ಎಂಟು ದಿನ ಜೊತೆಗಿಟ್ಟುಕೊಂಡ ಹತ್ತು ಜನರನ್ನು ಯಾರೂ ನೆನೆಯುವುದಿಲ್ಲ. ನಂಬದವನನ್ನು ಅವರು ಹೊರಗೆ ಹಾಕಲಿಲ್ಲ. ಅವನೂ ಮುನಿದು ಎದ್ದು ಹೋಗಲಿಲ್ಲ. ಧರ್ಮಕೇಂದ್ರಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಕಾನೂನಿನ ಯಾವ ಪುಟದಲ್ಲೂ ಸಿಗುವುದಿಲ್ಲ. ಎದ್ದ ದೇಹದಲ್ಲೂ ಗಾಯಗಳು ಹಾಗೇ ಇದ್ದವು ಎಂಬುದನ್ನೂ ಮರೆಯುವಂತಿಲ್ಲ. ಪಾಸ್ಕದ ನಂಬಿಕೆ ಗಾಯ ಮಾಯಿಸುವ ಮಾತಾಡುವುದಿಲ್ಲ, ಗಾಯವನ್ನು ತೋರಿಸಿ ಮುಟ್ಟು ಎನ್ನುತ್ತದೆ. ಹಾಗಾದರೆ ಜಾತಿಯ, ದುಡಿಮೆಯ, ಹೆಣ್ಣಿನ ಗಾಯವನ್ನು ಮುಚ್ಚಿಟ್ಟು ಅಲ್ಲೆಲೂಯ ಹಾಡುವ ಸಮುದಾಯ ಇನ್ನೂ ಶುಕ್ರವಾರದಲ್ಲೇ ಇದೆ.

ಹಬ್ಬದ ಮುಂದಿನ ಭಾನುವಾರ ಜನ ಕಡಿಮೆ. ಅಲಂಕಾರದ ಹೂ ಬಾಡಿದೆ, ಪಾಸ್ಕ ಬತ್ತಿ ಎರಡು ಬೆರಳು ಕುಗ್ಗಿದೆ. ಜಾಗರಣೆಯ ರಾತ್ರಿ ಪಾಳಿಯಲ್ಲಿದ್ದವರು, ಪರೀಕ್ಷೆ ಮುಗಿಸಿದ ಹುಡುಗರು, ರಜೆ ಸಿಗದೆ ಬೆಂಗಳೂರಿನಲ್ಲೇ ಉಳಿದು ತಡವಾಗಿ ಊರಿಗೆ ಬಂದ ಮಗ ಅಂದು ಬರುತ್ತಾರೆ. ಬಾಗಿಲಲ್ಲಿ ಯಾರೋ 'ಹಬ್ಬಕ್ಕೆ ಕಾಣಲೇ ಇಲ್ಲವಲ್ಲ' ಅನ್ನುತ್ತಾರೆ. ಆ ಮಾತು ಆಕ್ಷೇಪಣೆಯಾಗಿ ಕೇಳಿಸುತ್ತದೋ ಕಾದಿದ್ದೆವು ಎಂದು ಕೇಳಿಸುತ್ತದೋ, ಅದು ಹೇಳುವ ದನಿಯಲ್ಲಿದೆ.